12,000 ರೂಪಾಯಿಯಲ್ಲಿ ಮನೆ ಜಿಮ್: ಕಾಸರಗೋಡಿನ ಒಂದು ಹಳೇ ದನದ ಹಟ್ಟಿಯ ಪ್ರಕರಣ

ಇದು ಕಾಸರಗೋಡು ಜಿಲ್ಲೆಯ ಒಳಭಾಗದಲ್ಲಿ ನಡೆದದ್ದು. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಯಾವುದೋ ಒಂದು ಅಡಿಕೆ ತೋಟದ ಮನೆ ಅಂತ ಇಟ್ಟುಕೊಳ್ಳಿ, ಊರಿನ ಹೆಸರು ಹೇಳುವುದಿಲ್ಲ. ಮನೆಯವರನ್ನು ಅಕ್ಕ, ತಮ್ಮ, ಅಮ್ಮ ಅಂತಲೇ ಕರೆಯುತ್ತೇನೆ. ಗುರುತು ಸಿಗದಿರಲಿ ಅಂತ ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ಲೆಕ್ಕ, ಅಳತೆ, ಯಾವುದರ ನಂತರ ಯಾವುದು ಆಯಿತು ಎನ್ನುವುದು ಮಾತ್ರ ಇದ್ದ ಹಾಗೇ ಇದೆ. ಇಷ್ಟೇ ದುಡ್ಡಿನಲ್ಲಿ ಇದೇ ಕೆಲಸಕ್ಕೆ ಹೊರಟವರು ಎಷ್ಟೋ ಜನ ಇದ್ದಾರೆ. ಅವರ ದುಡ್ಡು ಸರಿಯಾದ ಜಾಗಕ್ಕೆ ಹೋಗಲಿ ಎನ್ನುವುದೇ ಇದನ್ನು ಬರೆಯುವ ಕಾರಣ.

ಹಿನ್ನೆಲೆ

ಅಕ್ಕನಿಗೆ 36 ವರ್ಷ, ಕನ್ನಡ ಮಾಧ್ಯಮದ ಶಾಲೆಯಲ್ಲಿ ಟೀಚರ್. ತಮ್ಮನಿಗೆ 27, ತೋಟ ನೋಡಿಕೊಳ್ಳುತ್ತಾನೆ, ನನ್ನ ಗೆಳೆಯ. ಅಕ್ಕನ ರಕ್ತಪರೀಕ್ಷೆಯಲ್ಲಿ ಸಕ್ಕರೆ ಗಡಿಯಲ್ಲಿದೆ ಅಂತ ಬಂದಿತ್ತು. ನಡಿಗೆಯ ಜೊತೆ ತೂಕ ಎತ್ತುವ ವ್ಯಾಯಾಮವೂ ಇರಲಿ ಎಂದು ಡಾಕ್ಟರು ಹೇಳಿದ್ದರು. ಇದು ಆ ಡಾಕ್ಟರೊಬ್ಬರ ಮಾತು ಮಾತ್ರ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲೂ ಇದೇ ಇದೆ. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಬೇಕು, ಅದರ ಜೊತೆಗೆ ವಾರದಲ್ಲಿ ಕನಿಷ್ಠ 2 ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವೂ ಬೇಕು. ತಮ್ಮನಿಗೆ ಬೇಕಾಗಿದ್ದದ್ದು ಬೇರೆ. ಅವನಿಗೆ ಚೆನ್ನಾಗಿ ಭಾರ ಎತ್ತಬೇಕು, ಮೈ ಕಟ್ಟಬೇಕು.

ಪೇಟೆಯ ಜಿಮ್ಮಿಗೆ ತಿಂಗಳಿಗೆ 1,000 ರೂಪಾಯಿ. ಬಸ್ಸಿನಲ್ಲಿ ಹೋಗಿ ಬಂದರೆ ಸಂಜೆಯೇ ಮುಗಿಯಿತು. ಒಬ್ಬರ ಒಂದು ವರ್ಷದ ಫೀಸು 12,000 ಆಗುತ್ತದೆ, ಅಷ್ಟರಲ್ಲಿ ಮನೆಯಲ್ಲೇ ಇಬ್ಬರಿಗೂ ಆಗುವ ಹಾಗೆ ಮಾಡೋಣ ಅಂತ ಇಬ್ಬರೂ ತೀರ್ಮಾನಿಸಿದರು. 12,000 ಎನ್ನುವ ಗೆರೆ ಬಂದದ್ದು ಹೀಗೆ.

ಜಾಗಕ್ಕೆ ತೊಂದರೆ ಇರಲಿಲ್ಲ. ದನ ಕೊಟ್ಟ ಮೇಲೆ ಹಟ್ಟಿ ಖಾಲಿ ಬಿದ್ದಿತ್ತು. ಕೆಂಪುಕಲ್ಲಿನ ಅರ್ಧ ಗೋಡೆ, ಸಿಮೆಂಟ್ ನೆಲ, ಮೇಲೆ ಶೀಟು.

ನೆಂಟರೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು, "ತೋಟದ ಕೆಲಸ ಉಂಟಲ್ಲ, ಅದಕ್ಕಿಂತ ದೊಡ್ಡ ಜಿಮ್ ಎಂತದು?" ಈ ಮಾತಿಗೆ ಉತ್ತರ ಕೊಡಲೇಬೇಕು, ಯಾಕೆಂದರೆ ಹಳ್ಳಿಯಲ್ಲಿ ಎಷ್ಟೋ ಜನ ಇದನ್ನು ಕೇಳಿಯೇ ಸುಮ್ಮನಾಗುತ್ತಾರೆ. ತೋಟದ ಕೆಲಸ ದಣಿಸುತ್ತದೆ, ನಿಜ. ಆದರೆ ಅದು ನಮ್ಮ ಮೈ ನೋಡಿಕೊಂಡು ಭಾರ ಹೆಚ್ಚಿಸುವುದಿಲ್ಲ. ಅಡಿಕೆ ಹೆಕ್ಕುವಾಗ ಗಂಟೆಗಟ್ಟಲೆ ಬಗ್ಗಿರಬೇಕು, ಮಾರುವ ದಿನ ಇದ್ದಕ್ಕಿದ್ದ ಹಾಗೆ ದೊಡ್ಡ ಗೋಣಿ ಎತ್ತಬೇಕು. ನಡುವಿನ ಮೆಟ್ಟಿಲುಗಳೇ ಇಲ್ಲ. ಸ್ನಾಯು ಬಲವಾಗುವುದು ಇವತ್ತಿಗಿಂತ ಮುಂದಿನ ವಾರ ಸ್ವಲ್ಪ ಜಾಸ್ತಿ, ಅದಕ್ಕಿಂತ ಮುಂದಿನ ವಾರ ಇನ್ನೂ ಸ್ವಲ್ಪ ಜಾಸ್ತಿ ಎತ್ತಿದಾಗ. ಈ 'ಸ್ವಲ್ಪ' ಎಷ್ಟು ಎನ್ನುವುದರ ಮೇಲೆಯೇ ಈ ಪ್ರಕರಣ ಪೂರ್ತಿ ನಿಂತಿದೆ.

ಮೊದಲ ಸುತ್ತು

ತಮ್ಮ ಆನ್‌ಲೈನಿನಲ್ಲಿ ಒಂದೇ ಸಲಕ್ಕೆ ಮೂರು ವಸ್ತು ತರಿಸಿದ. 20 ಕೆ.ಜಿ.ಯ ಪ್ಲಾಸ್ಟಿಕ್ ಹೊದಿಕೆಯ ಪ್ಲೇಟುಗಳ ಸೆಟ್ಟಿಗೆ 1,800. ಮಡಚುವ ಬೆಂಚಿಗೆ 2,600. ಬಾಗಿಲಿಗೆ ಸಿಕ್ಕಿಸಿ, ನೇತಾಡಿ ಮೈಯನ್ನು ಮೇಲೆಳೆಯುವ ಪುಲ್‌ಅಪ್ ರಾಡಿಗೆ 700. ಒಟ್ಟು 5,100 ಹೋಯಿತು.

ಪುಲ್‌ಅಪ್ ರಾಡು ತಿರುಗಿಸಿ ಬಿಗಿ ಮಾಡುವ ಜಾತಿಯದ್ದು. ಅದು ಎರಡೂ ಕಡೆ ದಾರಂದವನ್ನು (ಬಾಗಿಲಿನ ಚೌಕಟ್ಟನ್ನು) ಹೊರಕ್ಕೆ ಒತ್ತಿ ನಿಲ್ಲುತ್ತದೆ. ಹಳೇ ಕೆಂಪುಕಲ್ಲಿನ ಮನೆಗಳಲ್ಲಿ ದಾರಂದವನ್ನು ಗೋಡೆಗೆ ಹಿಡಿದಿಡುವುದು ನಾಲ್ಕೈದು ಕಬ್ಬಿಣದ ಹಿಡಿಗಳು ಮತ್ತು ಸುತ್ತಲಿನ ಗಾರೆ, ಅಷ್ಟೇ. ಕೆಲವು ದಿನದಲ್ಲೇ ದಾರಂದದ ಪಕ್ಕದ ಗಾರೆಯಲ್ಲಿ ಬಿರುಕು ಕಾಣಿಸಿತು. "ದಾರಂದ ಕಿತ್ತು ಬಂದರೆ ಯಾರು ಸರಿ ಮಾಡುವುದು?" ಅಂತ ಅಮ್ಮ ಆ ರಾಡನ್ನು ತೆಗೆಸಿದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆಮೇಲೆ ತಮ್ಮ ಗೋಡೆಗೇ ಬೋಲ್ಟ್ ಹೊಡೆದು ಬ್ರಾಕೆಟ್ ಕೂರಿಸಲು ನೋಡಿದ. ಕೆಂಪುಕಲ್ಲು ಮೆದು, ಒಳಗೆಲ್ಲ ತೂತು ತೂತು. ಡ್ರಿಲ್ ಹಾಕಿದರೆ ಪುಡಿಯಾಗಿ ಉದುರುತ್ತದೆ, ಬೋಲ್ಟಿಗೆ ಹಿಡಿತವೇ ಸಿಗುವುದಿಲ್ಲ. ಕ್ಯಾಲೆಂಡರ್ ತೂಗುವುದಕ್ಕೆ ಸರಿ, ಆದರೆ 70 ಕೆ.ಜಿ.ಯ ಮನುಷ್ಯ ನೇತಾಡುವುದಕ್ಕೆ ಖಂಡಿತ ಆಗದು. ನಮ್ಮ ಕಡೆ ಮನೆ ಜಿಮ್ ಮಾಡುವವರು ಇದೊಂದನ್ನು ಮೊದಲೇ ತಿಳಿದಿರಬೇಕು. ಕಾಂಕ್ರೀಟ್ ಗೋಡೆಯವರು ತೋರಿಸುವ ವಿಡಿಯೋ ನೋಡಿಕೊಂಡು ಕೆಂಪುಕಲ್ಲಿಗೆ ಬ್ರಾಕೆಟ್ ಹೊಡೆಯಬೇಡಿ.

ಬೆಂಚಿನದ್ದೂ ಹಾಗೆಯೇ. ಪೈಪು ತೆಳು, ಕಾಲು ಲಾಕ್ ಆಗುವ ಜಾಗದಲ್ಲಿ ಅಲುಗಾಡುತ್ತಿತ್ತು. ಮಲಗಿ ಎದೆಯ ಮೇಲೆ ಭಾರ ಎತ್ತುವಾಗ ಕೆಳಗಿನ ಬೆಂಚು ಅಲುಗಾಡಬಾರದು, ಅಲ್ವಾ?

ಪ್ಲೇಟುಗಳನ್ನು ಅಡಿಕೆ ತೂಗುವ ತಕ್ಕಡಿಯಲ್ಲಿಟ್ಟು ನೋಡಿದರೆ 5 ಕೆ.ಜಿ. ಅಂತ ಬರೆದದ್ದರಲ್ಲಿ ಒಂದು 4.7, ಇನ್ನೊಂದು 4.9. ದೊಡ್ಡ ವ್ಯತ್ಯಾಸವಲ್ಲ. ಆದರೂ ರಾಡಿನ ಎರಡು ಕಡೆ ಒಂದೇ ಭಾರ ಇರಬೇಕಾದರೆ ತೂಗಿ ಗುರುತು ಹಾಕಿಕೊಳ್ಳುವುದು ಒಳ್ಳೆಯದು. ಅಡಿಕೆ ಬೆಳೆಯುವ ಮನೆಯಲ್ಲಿ ತಕ್ಕಡಿ ಹೇಗೂ ಇರುತ್ತದೆ.

20 ಕೆ.ಜಿ. ತಮ್ಮನಿಗೆ ಬೇಗ ಸಾಲದಾಯಿತು. ಉಳಿದದ್ದನ್ನು ತಾನೇ ಮಾಡುತ್ತೇನೆಂದು ಕಾಂಕ್ರೀಟಿಗೆ ಕೈ ಹಾಕಿದ. ಲೆಕ್ಕ ಸುಲಭ: 1 ಲೀಟರ್ ಜಾಗದಲ್ಲಿ ಕಾಂಕ್ರೀಟ್ ತುಂಬಿದರೆ ಸುಮಾರು 2.4 ಕೆ.ಜಿ. ಬರುತ್ತದೆ. ಎರಡು ಲೀಟರಿನ ಪ್ಲಾಸ್ಟಿಕ್ ಡಬ್ಬಿಗೆ ಸಿಮೆಂಟ್, ಹೊಯಿಗೆ (ಮರಳು), ಜಲ್ಲಿ ಕಲಸಿ ತುಂಬಿ, ನಡುವೆ ನುಣುಪಾದ ಪೈಪು ನಿಲ್ಲಿಸಿದ. ಆ ಕಡೆ ಒಂದು ಡಬ್ಬಿ, ಈ ಕಡೆ ಒಂದು. ನಾಲ್ಕನೇ ದಿನವೇ ಎತ್ತಲು ಶುರು. ಕಾಂಕ್ರೀಟಿಗೆ ಪೂರ್ತಿ ಬಲ ಬಂತು ಅಂತ ಲೆಕ್ಕ ಹಿಡಿಯುವುದು 28 ದಿನಕ್ಕೆ, ಅದೂ ದಿನಾ ನೀರು ಹಾಕುತ್ತಿದ್ದರೆ. ಒಳಗೆ ಕಬ್ಬಿಣದ ಬಲೆ ಇರಲಿಲ್ಲ, ಪೈಪಿಗೆ ಅಡ್ಡ ಮೊಳೆಯೂ ಇರಲಿಲ್ಲ. ಒಂದು ದಿನ ಭುಜದ ಮೇಲಿನಿಂದ ಇಳಿಸುವಾಗ ಒಂದು ಕಡೆಯ ಉಂಡೆ ಕಳಚಿ ಅವನ ಕಾಲಿನ ಪಕ್ಕದಲ್ಲೇ ಬಿತ್ತು. ಏನೂ ಆಗಲಿಲ್ಲ. ಅದೇ ಉಂಡೆ ತಲೆಯ ಮೇಲಿದ್ದಾಗ ಕಳಚಿದ್ದರೆ ಈ ಬರಹವೇ ಬೇರೆಯಾಗುತ್ತಿತ್ತು.

ಅಕ್ಕನ ಪಾಲಿಗೆ ಈ ಸುತ್ತಿನಲ್ಲಿ ಏನೂ ಸಿಗಲಿಲ್ಲ. ಶಾಲೆಯಿಂದ ಬಂದು ಅಡುಗೆಮನೆಯ ಕೆಲಸ ಶುರುವಾಗುವ ಮೊದಲು ಅವರಿಗೆ ಇದ್ದದ್ದು ಅರ್ಧ ಗಂಟೆ. ಆ ಹೊತ್ತಿಗೆ ಹಟ್ಟಿಯಲ್ಲಿ ತಮ್ಮ ಇರುತ್ತಿದ್ದ, ಇಲ್ಲವೇ ಅವನ ಗೆಳೆಯರು. ಅರ್ಧ ಗೋಡೆಯಾದ್ದರಿಂದ ದಾರಿಯಲ್ಲಿ ಹೋಗುವವರಿಗೆಲ್ಲ ಒಳಗೆ ಕಾಣುತ್ತದೆ. ಮಳೆಗಾಲದಲ್ಲಿ ಕತ್ತಲಾದ ಮೇಲೆ ಅಂಗಳ ದಾಟಿ ಹೋಗುವುದೆಂದರೆ ಹಾವಿನ ಹೆದರಿಕೆ. ಕೆಲವು ಸಲ ಹೋದರು, ಆಮೇಲೆ ಬಿಟ್ಟರು. ಯಾರಿಗೂ ಏನೂ ಹೇಳಲಿಲ್ಲ. ಅವರು ಬಿಟ್ಟದ್ದು ತಮ್ಮನ ಗಮನಕ್ಕೂ ಬರಲಿಲ್ಲ.

ತಿರುವು

ಉಂಡೆ ಕಳಚಿ ಬಿದ್ದ ವಾರ ತಮ್ಮ ನನ್ನನ್ನು ಕರೆದ. ಮೂವರೂ ಜಗಲಿಯಲ್ಲಿ ಕೂತು ಲೆಕ್ಕ ಹಾಕಿದೆವು. ಕೈಯಲ್ಲಿ 6,900 ಉಳಿದಿತ್ತು. ಅವನ ಪಟ್ಟಿಯಲ್ಲಿ ಗಟ್ಟಿ ಬೆಂಚು, ಸ್ಕ್ವಾಟ್ ಸ್ಟ್ಯಾಂಡ್ (ಹೆಗಲಿಗೆ ರಾಡು ಹೊತ್ತು ಕೂತು ಏಳಲು ರಾಡು ಇಡುವ ಕಂಬಗಳು), ದೊಡ್ಡ ಪ್ಲೇಟುಗಳು ಇದ್ದವು. ಎಲ್ಲ ಸೇರಿದರೆ 20,000 ದಾಟುತ್ತಿತ್ತು.

ಆಗ ಅಕ್ಕ ಒಂದು ಪ್ರಶ್ನೆ ಕೇಳಿದರು. "ವಸ್ತುಗಳ ಪಟ್ಟಿ ಯಾಕೆ? ಯಾವ ಯಾವ ಕೆಲಸ ಮಾಡಬೇಕು ಅಂತ ಮೊದಲು ಬರೆಯುವ." ಹಾಗೆ ಬರೆದೆವು. ನೆಲದಿಂದ ಎತ್ತುವುದು, ಕೂತು ಏಳುವುದು, ಮುಂದಕ್ಕೆ ತಳ್ಳುವುದು, ತಲೆಯ ಮೇಲೆ ಎತ್ತುವುದು, ಎಳೆಯುವುದು, ಹೊತ್ತು ನಡೆಯುವುದು. ಪ್ರತಿಯೊಂದರ ಎದುರು ಅದಕ್ಕೆ ಬೇಕಾದ ವಸ್ತು ಬರೆದಾಗ ಪಟ್ಟಿ ಅರ್ಧಕ್ಕಿಂತ ಕಡಿಮೆಯಾಯಿತು.

ಬೆಂಚು ಬೇಡವಾಯಿತು. ನೆಲದಲ್ಲೇ ಮಲಗಿ ಡಂಬೆಲ್ ತಳ್ಳಬಹುದು. ಮೊಣಕೈ ನೆಲಕ್ಕೆ ತಾಗಿದಲ್ಲಿಗೆ ಇಳಿತ ನಿಲ್ಲುತ್ತದೆ, ಹಾಗಾಗಿ ಒಬ್ಬರೇ ಇರುವಾಗ ಎದೆಯ ಮೇಲೆ ರಾಡು ಸಿಕ್ಕಿಹಾಕಿಕೊಳ್ಳುವ ಅಪಾಯ ಇಲ್ಲ. ಸ್ಕ್ವಾಟ್ ಸ್ಟ್ಯಾಂಡೂ ಬೇಡವಾಯಿತು. ಡಂಬೆಲನ್ನು ಎದೆಗೆ ಹಿಡಿದು ಕೂತು ಏಳುವುದು, ಒಂದು ಕಾಲು ಹಿಂದಿಟ್ಟು ಕೂತು ಏಳುವುದು ಎರಡೂ ಅಷ್ಟೇ ಕಷ್ಟದ ಕೆಲಸ. ಬಕೆಟ್ಟಿಗೆ ಕಾಂಕ್ರೀಟ್ ತುಂಬಿ ಕಂಬ ನಿಲ್ಲಿಸಿ ಸ್ಟ್ಯಾಂಡ್ ಮಾಡುವುದನ್ನು ಹಲವರು ತೋರಿಸುತ್ತಾರೆ, ಆದರೆ ರಾಡು ಇಡುವಾಗ ಒಂದು ಕಡೆ ಮೊದಲು ತಾಗಿದರೆ ಸಾಕು, ಕಂಬ ವಾಲುತ್ತದೆ. ಅದನ್ನು ಬೇಡ ಅಂತ ನಾನೇ ಹಟ ಹಿಡಿದೆ.

ಅವತ್ತು ಹಾಕಿಕೊಂಡ ನಿಯಮ ಇಷ್ಟು: ಮೈಯ ಮೇಲೆ ಬರುವ ವಸ್ತು ಮತ್ತು ಮೈಯನ್ನು ಹೊರುವ ವಸ್ತು ಗಟ್ಟಿಯಾಗಿರಬೇಕು, ಅದಕ್ಕೆ ದುಡ್ಡು ಕೊಡಬೇಕು. ನೆಲದಿಂದ ಎತ್ತಿ ನೆಲಕ್ಕೇ ಇಡುವ ವಸ್ತುವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು.

ಎರಡನೇ ಸುತ್ತು

ಮಂಗಳೂರು ಕಡೆ ಮುಚ್ಚಿದ ಒಂದು ಜಿಮ್ಮಿನ ಸಾಮಾನು ಒಬ್ಬರ ಹತ್ತಿರ ಉಂಟು ಅಂತ ಗೊತ್ತಾಯಿತು. ಕಬ್ಬಿಣದ ಪ್ಲೇಟು ಕೆ.ಜಿ.ಗೆ 60 ರೂಪಾಯಿ. ತುಕ್ಕು ಹಿಡಿದಿತ್ತು, ಆದರೆ ಪ್ಲೇಟಿಗೆ ತುಕ್ಕು ಮೇಲಿನ ಕೊಳೆ ಅಷ್ಟೇ, ತಂತಿ ಬ್ರಷ್ಷಿನಲ್ಲಿ ಉಜ್ಜಿದರೆ ಹೋಗುತ್ತದೆ. ಮಾರುವವರು 20 ಕೆ.ಜಿ.ಯ ಜೋಡಿಗಳನ್ನು ಇನ್ನೂ ಕಡಿಮೆಗೆ ಕೊಡುತ್ತೇನೆ ಅಂದರು. ತಮ್ಮ ಅದಕ್ಕೇ ಮನಸ್ಸು ಮಾಡಿದ್ದ. ಅಕ್ಕ ಒಪ್ಪಲಿಲ್ಲ.

ನನ್ನ ಪ್ರಕಾರ ಇಡೀ ಪ್ರಕರಣದ ಮುಖ್ಯ ಘಳಿಗೆ ಇದು. ಅಕ್ಕನ ವಾದ ಹೀಗಿತ್ತು. "ನಾನು ಈಗ ಒಂದು ಕೈಯಲ್ಲಿ 5 ಕೆ.ಜಿ. ಎತ್ತುತ್ತೇನೆ, ಮುಂದಿನ ಮೆಟ್ಟಿಲು 10 ಆದರೆ ನಾನು ಅಲ್ಲೇ ನಿಲ್ಲುತ್ತೇನೆ. ಒಂದೇ ಸಲಕ್ಕೆ ಎರಡು ಪಟ್ಟು ಯಾರಿಗೂ ಆಗುವುದಿಲ್ಲ. ಅದೇ 1.25 ಕೆ.ಜಿ.ಯ ಪ್ಲೇಟು ಎರಡು ಕಡೆ ಸೇರಿಸಿದರೆ 7.5 ಆಗುತ್ತದೆ. ದೊಡ್ಡ ರಾಡಿಗೂ ಇದೇ ಲೆಕ್ಕ, 30 ಇದ್ದದ್ದು 32.5 ಆಗುತ್ತದೆ, ಆಮೇಲೆ 35." ಮನೆಯಲ್ಲಿ ಜಿಮ್ ಮಾಡಿದವರು ಮೂರು ತಿಂಗಳಿಗೆ ಬಿಡುವುದಕ್ಕೆ ಸೋಮಾರಿತನವೇ ಕಾರಣ ಅಂತ ಎಲ್ಲರೂ ಹೇಳುತ್ತಾರೆ. ನಾನು ನೋಡಿದ ಹಾಗೆ ಎಷ್ಟೋ ಸಲ ಕಾರಣ ಮುಂದಿನ ಮೆಟ್ಟಿಲು ತೀರಾ ಎತ್ತರ ಇರುವುದು.

ಕೊನೆಗೆ ತಂದದ್ದು 60 ಕೆ.ಜಿ. 10ರದ್ದು ಎರಡು, 5ರದ್ದು ನಾಲ್ಕು, 2.5ರದ್ದು ಆರು, 1.25ರದ್ದು ನಾಲ್ಕು. ಇದಕ್ಕೆ 3,600 ಆಯಿತು. ಜೊತೆಗೆ ಆರಡಿಯ ಗಟ್ಟಿ ರಾಡು 1,100ಕ್ಕೆ, ಅದೇ ಸುಮಾರು 7 ಕೆ.ಜಿ. ತೂಗುತ್ತದೆ. ಹಳೇ ಸೆಟ್ಟಿನಲ್ಲಿ ಬಂದ ಎರಡು ಡಂಬೆಲ್ ರಾಡುಗಳಿಗೂ ಈ ಪ್ಲೇಟು ಹಿಡಿಯಿತು, ಆ 1,800ರಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅವೇ.

ರಾಡಿನ ವಿಷಯದಲ್ಲಿ ಒಂದು ಮಾತು. ತಮ್ಮ ಮೊದಲು ಮನೆಯಲ್ಲಿ ಬಿದ್ದಿದ್ದ ಒಂದಿಂಚಿನ ಜಿಐ (ಸತುವು ಹಚ್ಚಿದ ಕಬ್ಬಿಣದ) ಪೈಪನ್ನೇ ರಾಡು ಮಾಡಬಹುದು ಅಂತಿದ್ದ. ಪ್ಲಂಬರ್ ಒಂದಿಂಚು ಎನ್ನುವುದು ಒಳಗಿನ ಅಳತೆ, ಹೊರಗಿನಿಂದ ಅಳೆದರೆ 33.7 ಮಿ.ಮೀ. ಇರುತ್ತದೆ. ಮನೆ ಜಿಮ್ಮಿನ ಸಾಧಾರಣ ಪ್ಲೇಟುಗಳ ತೂತು 30 ಮಿ.ಮೀ.ಯ ಆಸುಪಾಸು ಇರುತ್ತದೆ, ಹಾಗಾಗಿ ಪೈಪು ಹೋಗುವುದೇ ಇಲ್ಲ. ಮುಕ್ಕಾಲು ಇಂಚಿನ ಪೈಪು ಹೊರಗೆ 26.9 ಮಿ.ಮೀ., ಅದು ಹೋಗುತ್ತದೆ, ಆದರೆ ಭಾರ ಹಾಕಿದರೆ ಬಾಗುತ್ತದೆ. ಪ್ಲೇಟು ಕೊಳ್ಳುವ ಮೊದಲು ರಾಡು, ರಾಡು ಕೊಳ್ಳುವ ಮೊದಲು ಪ್ಲೇಟಿನ ತೂತು ಅಳೆಯಿರಿ. ದೊಡ್ಡ ಜಿಮ್ಮಿನ ಒಲಿಂಪಿಕ್ ಪ್ಲೇಟಿನ ತೂತು 50 ಮಿ.ಮೀ. ಎರಡನ್ನೂ ಬೆರೆಸಿ ಕೊಂಡರೆ ಒಂದು ಕಡೆಯ ದುಡ್ಡು ನಷ್ಟ.

ಪುಲ್‌ಅಪ್ಪಿಗೆ ಹಟ್ಟಿಯ ಹಿಂದೆ ಬಿದ್ದಿದ್ದ ಹಳೇ ಪಂಪಿನ ಎರಡಿಂಚಿನ ಜಿಐ ಪೈಪು ಸಿಕ್ಕಿತು. ತುದಿ ಕತ್ತರಿಸಿ ಒಳಗೆ ನೋಡಿದೆವು. ನೀರು ಹರಿದ ಪೈಪು ಹೊರಗೆ ಚೆನ್ನಾಗಿ ಕಂಡರೂ ಒಳಗಿನಿಂದ ತುಕ್ಕು ತಿಂದಿರಬಹುದು, ಇದನ್ನು ನೋಡದೆ ನೇತಾಡಬೇಡಿ. ನಮ್ಮದು ದಪ್ಪವಾಗಿಯೇ ಇತ್ತು. ಎರಡು ಕಂಬ ಹಟ್ಟಿಯ ಒಳಗೇ ಎರಡಡಿ ಆಳಕ್ಕೆ ಕಾಂಕ್ರೀಟಿನಲ್ಲಿ ಹೂತು, ಮೇಲೆ ಹಿಡಿಯಲು ಒಂದಿಂಚಿನ ಪೈಪು. ಪ್ಲೇಟಿಗೆ ಆಗದ ಪೈಪು ಇಲ್ಲಿ ಕೈಗೆ ಸರಿಯಾಯಿತು. ವೆಲ್ಡರಿಗೆ 1,500, ಸಿಮೆಂಟು ಜಲ್ಲಿಗೆ 500. ಜಿಐ ಪೈಪು ವೆಲ್ಡ್ ಮಾಡುವಾಗ ಮೇಲಿನ ಸತುವು ಸುಟ್ಟು ಬರುವ ಹೊಗೆ ಕೆಟ್ಟದ್ದು, ಆದ್ದರಿಂದ ಸೇರುವ ಜಾಗದಲ್ಲಿ ಮೊದಲೇ ಉಜ್ಜಿ ತೆಗೆದು ಬಯಲಿನಲ್ಲಿ ವೆಲ್ಡ್ ಮಾಡಿಸಿದೆವು. ಸತುವು ಹೋದ ಜಾಗಕ್ಕೆ ಪ್ರೈಮರ್ ಮತ್ತು ಪೇಂಟ್. ಈ ಸಲ ಕಾಂಕ್ರೀಟಿಗೆ 28 ದಿನ ಕಾದರು.

ನೆಲಕ್ಕೆ ಖರ್ಚೇ ಇಲ್ಲ. ದನ ಮಲಗುತ್ತಿದ್ದ ಎರಡು ರಬ್ಬರ್ ಮ್ಯಾಟ್ ಅಲ್ಲೇ ಇದ್ದವು. ತೊಳೆದು ಬಿಸಿಲಿಗೆ ಹಾಕಿದರು. ದನದ ಭಾರ ತಾಳುವ ಮ್ಯಾಟಿಗೆ 60 ಕೆ.ಜಿ. ಯಾವ ಲೆಕ್ಕ? ಜಿಮ್ ಮ್ಯಾಟ್ ಅಂತ ಮಾರುವುದಕ್ಕಿಂತ ಇದು ದಪ್ಪ.

ಹೊತ್ತು ನಡೆಯಲು ಹಿಡಿಕೆ ಇರುವ ಎರಡು ಕ್ಯಾನ್. ನೀರು 1 ಲೀಟರಿಗೆ 1 ಕೆ.ಜಿ., ಅರ್ಧ ಲೀಟರಿನಷ್ಟು ಸಣ್ಣ ಮೆಟ್ಟಿಲು ಬೇಕಾದರೂ ಮಾಡಬಹುದು. ಗೊಬ್ಬರದ ಚೀಲದಲ್ಲಿ ಹೊಯಿಗೆ ತುಂಬಿಯೂ ಒಂದು ಮಾಡಿದರು. ಒಣ ಹೊಯಿಗೆಯನ್ನೇ ಹಾಕಬೇಕು, ಒಳಗೆ ಪ್ಲಾಸ್ಟಿಕ್ ಚೀಲ ಬೇಕು, ಇಲ್ಲದಿದ್ದರೆ ಮಳೆಗಾಲದ ತೇವ ಕುಡಿದು ತೂಕ ತಾನಾಗಿ ಏರುತ್ತದೆ.

ಎರಡನೇ ಸುತ್ತಿನ ಖರ್ಚು 6,700. ಒಟ್ಟು 11,800.

ಜಾಗ ಎರಡಾಯಿತು

ಪ್ಲೇಟು ಬಂದ ಮೇಲೂ ಅಕ್ಕ ಹಟ್ಟಿಗೆ ಹೋಗಲಿಲ್ಲ. ಯಾಕೆ ಅಂತ ಕೇಳಿದಾಗಲೇ ದಾರಿ, ಕತ್ತಲೆ, ಹೊತ್ತು ಎಲ್ಲ ಹೊರಬಂತು. ತಮ್ಮ ಲೈಟ್ ಹಾಕಿಸುತ್ತೇನೆ, ಪರದೆ ಕಟ್ಟುತ್ತೇನೆ ಅಂದ. ಅಕ್ಕ ಬೇಡ ಅಂದರು. "ನನ್ನ ಸಾಮಾನು ನನ್ನ ಕೋಣೆಯಲ್ಲಿರಲಿ." ಎರಡು ಡಂಬೆಲ್ ರಾಡು, ಸಣ್ಣ ಪ್ಲೇಟುಗಳು, ಪಂಕ್ಚರ್ ಅಂಗಡಿಯಿಂದ ತಂದ ಹಳೇ ಸೈಕಲ್ ಟ್ಯೂಬು ಒಳಗೆ ಹೋದವು. ಹಟ್ಟಿಯಲ್ಲಿ ದೊಡ್ಡ ರಾಡು, ದೊಡ್ಡ ಪ್ಲೇಟು, ಪುಲ್‌ಅಪ್ ಕಂಬ ಉಳಿದವು. ಅಕ್ಕನ ಕೋಣೆಯಲ್ಲಿ ಬೇಕಾದ ಜಾಗ ಒಂದು ಚಾಪೆಯಷ್ಟು. ಟ್ಯೂಬನ್ನು ಕಿಟಕಿಯ ಸರಳಿಗೆ ಸುತ್ತಿ ಎಳೆಯುತ್ತಾರೆ. ಪ್ರತಿ ಸಲ ಎಳೆಯುವ ಮೊದಲು ಬಿರುಕು ಉಂಟಾ ಅಂತ ನೋಡಬೇಕು, ತುಂಡಾದರೆ ಮುಖಕ್ಕೇ ಬರುತ್ತದೆ.

ಇಲ್ಲಿಂದ ಅವರು ಬಿಡಲಿಲ್ಲ. ಶಾಲೆಯಿಂದ ಬಂದು ಸೀರೆ ಬದಲಿಸಿ ಅರ್ಧ ಗಂಟೆ, ವಾರದಲ್ಲಿ ಮೂರು ದಿನ. ಗೋಡೆಯ ಕ್ಯಾಲೆಂಡರಿನಲ್ಲಿ ಎತ್ತಿದ ತೂಕ ಬರೆಯುತ್ತಾರೆ. ಭಾನುವಾರ ಬೆಳಿಗ್ಗೆ ಮಾತ್ರ ಹಟ್ಟಿಗೆ ಬಂದು ದೊಡ್ಡ ರಾಡನ್ನು ನೆಲದಿಂದ ಎತ್ತುತ್ತಾರೆ. ಸಣ್ಣ ಪ್ಲೇಟು ಹಾಕಿದರೆ ರಾಡು ತೀರಾ ಕೆಳಗಿರುತ್ತದೆ, ಬೆನ್ನು ಬಾಗುತ್ತದೆ. 45 ಸೆಂ.ಮೀ. ಅಗಲದ ದೊಡ್ಡ ಪ್ಲೇಟಿನಲ್ಲಾದರೆ ರಾಡು ನೆಲದಿಂದ 22.5 ಸೆಂ.ಮೀ. ಮೇಲಿರುತ್ತದೆ. ಆ ಎತ್ತರ ಬರುವ ಹಾಗೆ ಪ್ಲೇಟಿನ ಕೆಳಗೆ ಹಲಗೆ ತುಂಡು ಇಟ್ಟುಕೊಂಡರು. 17 ಕೆ.ಜಿ.ಯಿಂದ ಶುರು ಮಾಡಿದವರು ವರ್ಷದ ಕೊನೆಗೆ 42ಕ್ಕೆ ಬಂದರು. ಸಕ್ಕರೆಯ ಲೆಕ್ಕ ಅವರ ಮತ್ತು ಡಾಕ್ಟರ ನಡುವಿನದ್ದು, ಇಲ್ಲಿ ಬರೆಯುವುದಿಲ್ಲ. ಬಿಪಿ, ಹೃದಯ, ಹರ್ನಿಯಾ, ಹಳೇ ಬೆನ್ನುನೋವು ಇದ್ದವರು ಶುರು ಮಾಡುವ ಮೊದಲು ಡಾಕ್ಟರನ್ನು ಕೇಳಲೇಬೇಕು.

ತಮ್ಮನದ್ದು ಏರಿಳಿತ. ಮಳೆ ಶುರುವಾಗುವ ಹೊತ್ತಿಗೆ ತೋಟಕ್ಕೆ ಬೋರ್ಡೋ ಮದ್ದು (ಅಡಿಕೆಯ ಕೊಳೆರೋಗ ತಡೆಯುವ ಮದ್ದು) ಬಿಡುವ ಕೆಲಸ, ಆ ವಾರಗಳಲ್ಲಿ ಅವನು ರಾಡು ಮುಟ್ಟಲಿಲ್ಲ. ಆಮೇಲೆ ಬಂದು ನೋಡಿದರೆ ಪ್ಲೇಟೆಲ್ಲ ಕೆಂಪು. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬೀಳುವ ಜಿಲ್ಲೆ ಇದು, ಅರ್ಧ ಗೋಡೆಯ ಹಟ್ಟಿಯಲ್ಲಿ ಕಬ್ಬಿಣ ಸುಮ್ನೆ ಇಟ್ಟರೆ ಹಾಗೇ ಆಗುತ್ತದೆ. ಈಗ ಮೇ ತಿಂಗಳಲ್ಲೇ ಪ್ಲೇಟಿಗೆ ಪೇಂಟ್, ರಾಡಿಗೆ ಮೆಷಿನ್ ಎಣ್ಣೆ ಸವರಿ ಬಟ್ಟೆ ಸುತ್ತುತ್ತಾರೆ. ಮದ್ದು ಬಿಡುವ ವಾರಗಳಿಗೆ ಅವನು ಬೇರೆ ಪಟ್ಟಿ ಮಾಡಿಕೊಂಡಿದ್ದಾನೆ, ವಾರಕ್ಕೆ ಎರಡೇ ದಿನ, ಅರ್ಧ ಭಾರ. ಪೂರ್ತಿ ಬಿಟ್ಟು ಮತ್ತೆ ಶುರು ಮಾಡುವುದಕ್ಕಿಂತ ಇದು ಎಷ್ಟೋ ಮೇಲು.

ಹಳೇ ಪ್ಲೇಟು ಹೊಸ ಪ್ಲೇಟು ರಾಡು ಎಲ್ಲ ಸೇರಿ ಹಟ್ಟಿಯಲ್ಲಿ ಎತ್ತಬಹುದಾದದ್ದು 87 ಕೆ.ಜಿ.ಯ ಆಸುಪಾಸು. ತಮ್ಮ ಅದಕ್ಕೆ ಹತ್ತಿರ ಬಂದಿದ್ದಾನೆ. ಈಗ 20 ಕೆ.ಜಿ.ಯ ಒಲಿಂಪಿಕ್ ರಾಡು ತರೋಣವಾ ಅಂತ ಕೇಳುತ್ತಿದ್ದಾನೆ. ಅದಕ್ಕೆ ಈಗಿನ ಒಂದು ಪ್ಲೇಟೂ ಹಿಡಿಯುವುದಿಲ್ಲ, ಎಲ್ಲ ಹೊಸದೇ ಬೇಕು. ಅದೇ ತೂತಿನ ಹಳೇ ಪ್ಲೇಟು ಇನ್ನೊಂದು 20 ಕೆ.ಜಿ. ಹುಡುಕು, ಈ ವರ್ಷ ಅಷ್ಟು ಸಾಕು ಅಂತ ನಾನು ಹೇಳಿದ್ದೇನೆ. ಅಕ್ಕ ಅದಕ್ಕೆ ಒಂದು ಸೇರಿಸಿದ್ದಾರೆ: ಇನ್ನೂ ಎರಡು ಜೊತೆ 1.25ರದ್ದು ಸಿಕ್ಕಿದರೆ ಅದನ್ನು ಮೊದಲು ತಾ.